ನನ್ನ ಷಡ್ಜ ಹಿಡಿದು ಕೊಟ್ಟ ಮಿರಜಿನವರಿಗೆ

ಮೊನ್ನೆ ರವಿವಾರ ಸಂಜೆ ನಮ್ಮ ಪಾಠದ ಕೋಣೆಯಲ್ಲಿ 35 ನಿಮಿಷ ಹಾಡಿದೆ. ಅಭೋಗಿ ರಾಗ, ನಿಧಾನ ನಡೆಯ ವಿಲಂಬಿತ ಏಕತಾಲ, ಕಡೆಗೊಂದು ದಾಸರ ಪದ. ಚಾಪೆ ಸಾಲದೆ ಮಕ್ಕಳ ತಾಯಂದಿರು ಹೊಸ್ತಿಲಾಚೆ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಹಾಡದೆ 14 ತಿಂಗಳಾಗಿತ್ತು. ಮುಗಿದ ಮೇಲೆ ಎದ್ದು ನಿಂತು ಎಲ್ಲರಿಗೂ ಎರಡು ಮಾತು ಹೇಳಬೇಕೆಂದುಕೊಂಡಿದ್ದೆ. ಅಳು ಬಂತು, ಆಗಲಿಲ್ಲ. ಆ ಮಾತುಗಳನ್ನೇ ಈಗ ಬರೆಯುತ್ತಿದ್ದೇನೆ.

ನನ್ನನ್ನು ಅರಿಯದವರಿಗಾಗಿ: ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮಿರಜಿನಲ್ಲಿ ನಮ್ಮ ಮನೆ. ಮನೆಮಾತು ಕನ್ನಡ, ಬೀದಿಮಾತು ಮರಾಠಿ, ದರ್ಗಾದ ಸುತ್ತ ದಖನಿ. 19 ವರ್ಷದಿಂದ ಹಿಂದುಸ್ತಾನಿ ಗಾಯನ ಕಲಿಸುತ್ತೇನೆ. ಹೋದ ವರ್ಷದ ಚಳಿಗಾಲದಲ್ಲಿ ಗಂಟಲು ಕೆಟ್ಟಿತು. ನೆಗಡಿ ಎಂದುಕೊಂಡು ಬಿಸಿನೀರು ಕುಡಿದು, ದಿನಾ ಮೂರು ಪಾಠ ಮಾಡುತ್ತಲೇ ಹೋದೆ. ತಾರ ಷಡ್ಜ, ಅಂದರೆ ಮೇಲಿನ ಸಾ, ಮೊದಲು ಒಡೆಯಿತು, ಆಮೇಲೆ ನಿಷಾದ, ಕಡೆಗೆ ಮಕ್ಕಳನ್ನು ಹೆಸರು ಹಿಡಿದು ಕರೆದರೂ ಬರೀ ಗಾಳಿ. ಡಾಕ್ಟರು ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡೂ ಸ್ವರತಂತುಗಳ ಮೇಲೆ ಎದುರುಬದುರಾಗಿ ಗಂಟು. ಸಲಿಕೆ ಹಿಡಿದವರ ಅಂಗೈಯಲ್ಲಿ ಏಳುತ್ತದಲ್ಲ, ಆ ಜಡ್ಡಿನಂಥದ್ದು. ಮೊದಲು ವಿಶ್ರಾಂತಿ, ವ್ಯಾಯಾಮ. ಅದರಿಂದ ಆಗದಿದ್ದಾಗ ಶಸ್ತ್ರಚಿಕಿತ್ಸೆ. ಮುಂದೆ ಕೆಲ ದಿನ ಪೂರ್ತಿ ಮೌನ. ಪಿಸುಮಾತೂ ಬೇಡ, ಪಿಸುಗುಟ್ಟಿದರೆ ತಂತುಗಳಿಗೆ ಇನ್ನೂ ತ್ರಾಸು ಅಂದರು. ಕೊರಳಿಗೊಂದು ಪಾಟಿ, ಕೈಯಲ್ಲಿ ಬಳಪ. ದನಿ ತಿರುಗಿ ಬರುವ ತನಕ ನನ್ನ ಮಾತೆಲ್ಲ ಅದರಲ್ಲೇ.

ಪಾಠ ನಿಲ್ಲಿಸಿಬಿಡೋಣ ಎಂದು ಪಾಟಿಯ ಮೇಲೆ ಬರೆದು ತೋರಿಸಿದ್ದು ನೆನಪಿದೆ. ನನ್ನ ಹಿರಿಯ ಶಿಷ್ಯೆ ಅದನ್ನು ಓದಿ, ಸೆರಗಿನಿಂದ ಒರೆಸಿ, ಪಾಟಿಯನ್ನು ನನ್ನ ಕೈಗೇ ತಿರುಗಿ ಕೊಟ್ಟಳು. ಬ್ಯಾಂಕಿನ ಕೆಲಸ ಮುಗಿಸಿ ಬಂದು 14 ತಿಂಗಳು ಸಣ್ಣ ಮಕ್ಕಳಿಗೆ ಸ್ವರಾಭ್ಯಾಸದ ಅಲಂಕಾರ ಹೇಳಿಕೊಟ್ಟವಳು ಅವಳೇ. ನಾನು ಮೂಲೆಯಲ್ಲಿ ಕೂತು ಕೈಯಿಂದ ತಾಳ ಹಾಕುತ್ತಿದ್ದೆ. ಗಡಿಯಾಚೆ ಕರ್ನಾಟಕದ ಉಗಾರ, ಕುಡಚಿಯಿಂದ ರೈಲಿನಲ್ಲಿ ಬರುವ ಹುಡುಗಿಯರು ಒಂದು ರವಿವಾರವೂ ತಪ್ಪಿಸಲಿಲ್ಲ. ಅವರ ಮನೆಯವರು ಫೀಸು ನಿಲ್ಲಿಸಲಿಲ್ಲ. ಬೇಡವೆಂದು ಬರೆದು ತೋರಿಸಿದರೆ ಒಬ್ಬ ತಂದೆ, "ಅಕ್ಕಾರ, ನೀವು ಅಲ್ಲಿ ಕೂತಿರ್ತೀರಲ್ಲ, ಅದ ಪಾಠ" ಅಂದರು. ಎದುರು ಮನೆಯ ವೈನಿ ತಿಂಗಳುಗಟ್ಟಲೆ ಮಧ್ಯಾಹ್ನದ ಡಬ್ಬಿ ಕಳಿಸಿದರು, ಖಾರ ಕಡಿಮೆ ಹಾಕಿ. ನಮ್ಮ ಕಡೆ ಖಾರ ಕಡಿಮೆ ಮಾಡಿ ಅಡಿಗೆ ಮಾಡುವುದೆಂದರೆ ಅದೊಂದು ಬೇರೆಯೇ ಒಲೆ ಹಚ್ಚಿದಂತೆ. ವೈನಿ, ನಿಮ್ಮ ಋಣ ದೊಡ್ಡದು.

ನಾನು ಉಳಿದದ್ದು ಮಾತ್ರ ಸಿತಾರ್‌ಮೇಕರ್ ಗಲ್ಲಿಯಲ್ಲಿ. ಅಲ್ಲಿಯದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಶಸ್ತ್ರಚಿಕಿತ್ಸೆಯಾಗಿ ಎರಡನೇ ತಿಂಗಳು. ನನ್ನ ಗುರುಗಳು ಕೊಟ್ಟ ತಂಬೂರಿ ಗವಸಣಿಯಲ್ಲೇ ಇತ್ತು. ಮುಟ್ಟುವ ಮನಸ್ಸಾಗಿರಲಿಲ್ಲ. ಒಂದು ರಾತ್ರಿ ಒಳಗೆ ತಂತಿ ತಾನಾಗಿ ಹರಿದ ಸದ್ದಾಯಿತು. ಮಲಗಿದ್ದವಳು ಎದ್ದು ಕೂತೆ. ಬೆಳಿಗ್ಗೆ ಅದನ್ನು ಮಗುವಿನಂತೆ ಎತ್ತಿಕೊಂಡು, ಮೊದಲಿನಿಂದಲೂ ನಮ್ಮ ವಾದ್ಯ ನೋಡುವ ಚಾಚಾ ಅವರ ಕಾರಖಾನೆಗೆ ಹೋದೆ. ಪಾಟಿ ತೋರಿಸಿದೆ. ಚಾಚಾ ಓದಲಿಲ್ಲ, ನನ್ನ ಮುಖ ನೋಡಿದರು. "ಆವಾಜ ಹೋಗೈತಿ ಅಂದ್ರ ಕಿವಿ ಎಲ್ಲಿ ಹೋಗೈತಿ ಬೇಟಿ? ಕೂಡು" ಅಂದರು.

ಕೂತೆ. ಮಾರನೆಯ ದಿನವೂ ಹೋದೆ. ಹೀಗೆ ನಾಲ್ಕು ತಿಂಗಳು, ಮಧ್ಯಾಹ್ನದ ಹೊತ್ತು, ಕಟ್ಟಿಗೆಯ ಹೊಟ್ಟು ಮತ್ತು ಅರಗಿನ ವಾಸನೆಯ ನಡುವೆ.

19 ವರ್ಷ ತಂಬೂರಿ ನುಡಿಸಿದವಳಿಗೆ ತಂಬೂರಿ ಏನೆಂಬುದು ಅಲ್ಲಿ ಗೊತ್ತಾಯಿತು. ಬುರುಡೆ ಬರುವುದು ಪಂಢರಪುರ, ಮಂಗಳವೇಢೆಯ ಹೊಲಗಳಿಂದ. ತಿನ್ನಲಾಗದ ಕಹಿಗುಂಬಳ ಅದು, ದೊಡ್ಡದಾಗಿ ಬೆಳೆಯಿಸಿ ಒಣಗಿಸಿದ್ದು. ನೀರಲ್ಲಿ ನೆನೆಸಿ, ಬಾಯಿ ಕೊಯ್ದು, ಒಳಗಿನ ಬೀಜ ತಿರುಳು ಕೆರೆದು ತೆಗೆಯುತ್ತಾರೆ. ಮೇಲಿನ ಉದ್ದ ಕೋಲು, ಅಂದರೆ ದಾಂಡಿ, ಬುರುಡೆಯ ಬಾಯಿ ಮುಚ್ಚುವ ಹಲಗೆ, ಅಂದರೆ ತಬಲಿ, ಎರಡೂ ತುಣ ಮರದ್ದು. ಇಷ್ಟೆಲ್ಲ ಆದಮೇಲೂ ಅದು ವಾದ್ಯವಲ್ಲ, ತಂತಿ ಕಟ್ಟಿದ ಪೆಟ್ಟಿಗೆ. ಅದಕ್ಕೆ ಜೀವ ಬರುವುದು ಜವಾರಿಯಿಂದ. ತಂತಿಗಳಿಗೆ ಆಸರೆಯಾಗಿ ತಬಲಿಯ ಮೇಲೆ ಕೂರುವ ಪಟ್ಟಿಗೆ ಕುದುರೆ ಅನ್ನುತ್ತಾರೆ. ತಂತಿಗಳು ಹಾಯುವ ಅದರ ಮೈಯನ್ನು ಕಣ್ಣಿಗೆ ಕಾಣದಷ್ಟು ಇಳಿಜಾರಾಗಿ ಕಾನಸಿನಿಂದ, ಅಂದರೆ ಅರದಿಂದ, ಉಜ್ಜುತ್ತಾರೆ. ಮೀಟಿದ ತಂತಿ ಆ ಇಳಿಜಾರನ್ನು ಸವರುತ್ತ ಕಂಪಿಸಿದಾಗ ಒಂದು ಸ್ವರದೊಳಗಿಂದ ಹತ್ತು ಸ್ವರ ಏಳುತ್ತವೆ. ಚಾಚಾ ಎರಡು ಸಲ ಉಜ್ಜುವುದು, ತಂತಿ ಏರಿಸುವುದು, ಮೀಟುವುದು, ಕಣ್ಣು ಮುಚ್ಚುವುದು, ತಂತಿ ಇಳಿಸುವುದು, ಮತ್ತೆ ಉಜ್ಜುವುದು. ಒಂದು ಕುದುರೆಗೆ ಇಡೀ ಮಧ್ಯಾಹ್ನ ಹೋಗುತ್ತಿತ್ತು. ಕಡೆಗೆ ತಂತಿಯ ಕೆಳಗೆ ಹತ್ತಿಯ ಎಳೆ ಸಿಗಿಸಿ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾರೆ. ಎಲ್ಲೋ ಒಂದು ಕಡೆ ಬಂದಾಗ ಮುಚ್ಚಿದ ಬಾಯಿ ತೆರೆದ ಹಾಗೆ ನಾದ ಹೊರಗೆ ಬರುತ್ತದೆ. ಆ ಎಳೆಗೆ ನಮ್ಮ ಕನ್ನಡದಲ್ಲಿ ಜೀವಾಳ ಅನ್ನುತ್ತೇವೆ. ಎಷ್ಟೋ ವರ್ಷ ಆ ಶಬ್ದ ಬಳಸಿದ್ದೆ, ಅದರ ಅರ್ಥ ಅಲ್ಲಿ ಕೇಳಿಸಿತು.

ಮೊದಮೊದಲು ಅವರು, "ಹೇಳು, ಬಂದ್ ಐತೋ, ಖುಲ್ಲಾ ಆಗೇತೋ?" ಎಂದು ಕೇಳಿದರೆ ನನ್ನ ಕೈ ತಪ್ಪು ತೋರಿಸುತ್ತಿತ್ತು. ಮೂರನೇ ತಿಂಗಳಲ್ಲಿ ಒಂದು ದಿನ, ಅವರು ಕೇಳುವ ಮೊದಲೇ ಕೈ ಎತ್ತಿದೆ. ಚಾಚಾ ಏನೂ ಅನ್ನಲಿಲ್ಲ. ಆ ತಂಬೂರಿಯನ್ನು ಪಕ್ಕಕ್ಕಿಟ್ಟು ಮುಂದಿನದನ್ನು ತೊಡೆಯ ಮೇಲೆ ಎತ್ತಿಕೊಂಡರು. ಅವತ್ತು ಮನೆಗೆ ಬರುವಾಗ ನನಗೆ ಗಂಟಲಿನ ನೆನಪೇ ಇರಲಿಲ್ಲ.

ಈ ಗಲ್ಲಿಯ ಹಿರಿಯರು ಶಿಕಲಗಾರರು. ಕತ್ತಿ ಗುರಾಣಿ ಸಾಣೆ ಹಿಡಿಯುವ ಕಸುಬು. ಆಯುಧಗಳ ಕಾಲ ಮುಗಿದಾಗ, 19ನೇ ಶತಮಾನದಲ್ಲಿ, ಅದೇ ಮನೆತನದ ಫರೀದಸಾಹೇಬರು ವಾದ್ಯದ ಕೆಲಸಕ್ಕೆ ಕೈ ಹಾಕಿದರು. ಕತ್ತಿಯ ಬಾಯಿ ಹದ ಮಾಡಿದ ಕೈಗಳೇ ಕುದುರೆಯ ಮೈ ಉಜ್ಜಿದವು. 2024ರಲ್ಲಿ ಮಿರಜಿನ ಸಿತಾರ್ ಮತ್ತು ತಂಬೂರಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಸಿಕ್ಕಿತು. ಗಲ್ಲಿಯಲ್ಲಿ ಪೇಡೆ ಹಂಚಿದ್ದರು. ಅವತ್ತು ನಾನು ಪೇಡೆ ತಿಂದು ಬಂದಿದ್ದೆ, ಅಷ್ಟೇ. ಅದು ಯಾತಕ್ಕೆ ಸಿಕ್ಕ ಮಾನ್ಯತೆ ಎಂಬುದು ಈಗ ನನ್ನ ಕಿವಿಗೆ ಗೊತ್ತು.

ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ಅಬ್ದುಲ್ ಕರೀಂ ಖಾನರು ಹುಟ್ಟಿದ್ದು ದೂರದ ಉತ್ತರ ಪ್ರದೇಶದ ಕೈರಾನಾದಲ್ಲಿ, 1872ರಲ್ಲಿ. ನೆಲೆ ನಿಂತದ್ದು ನಮ್ಮ ಮಿರಜಿನಲ್ಲಿ. ವಾದ್ಯ ಕೆಟ್ಟರೆ ಅವರೇ ಕೂತು ದುರಸ್ತಿ ಮಾಡಿಕೊಳ್ಳಬಲ್ಲವರಾಗಿದ್ದರು. ಕಾರಖಾನೆಯ ನೆಲದ ಮೇಲೆ ಕೂತಾಗೆಲ್ಲ ನನಗೆ ಅದು ನೆನಪಾಗುತ್ತಿತ್ತು. ಸ್ವರವನ್ನು ಅಷ್ಟು ನಿಧಾನ, ಅಷ್ಟು ನಯವಾಗಿ ಬಿಡಿಸುವ ಅವರ ಗಾಯಕಿಗೆ ತಂಬೂರಿಯ ಒಳಹೊರಗನ್ನು ಬಲ್ಲ ಆ ಕೈಗಳೂ ಕಾರಣವಿರಬೇಕು ಅನ್ನಿಸುತ್ತದೆ. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರಾಗಿ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ನಮ್ಮ ಕನ್ನಡ ನಾಡಿನ ಅಷ್ಟು ದೊಡ್ಡ ಗಾಯನಕ್ಕೆ ನೀರು ಹರಿದದ್ದು ಈ ಗಡಿಯೂರಿನಿಂದ. 1937ರಲ್ಲಿ ಪುದುಚೇರಿಯ ದಾರಿಯಲ್ಲಿ, ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಖಾನರು ತೀರಿಕೊಂಡರು. ಆ ದೇಹ ಮಿರಜಿಗೇ ಬಂತು, ಮೀರಾಸಾಹೇಬರ ದರ್ಗಾದ ಆವರಣದಲ್ಲಿ ಮಣ್ಣಾಯಿತು. ಪ್ರತಿ ವರ್ಷ ಉರುಸಿನಲ್ಲಿ ಅವರ ನೆನಪಿಗೆ ರಾತ್ರಿಯೆಲ್ಲ ಸಂಗೀತ ನಡೆಯುತ್ತದೆ.

ಈ ಸಲದ ಉರುಸಿಗೂ ಪಾಟಿ ಹಿಡಿದೇ ಹೋದೆ. ಜನರ ನಡುವೆ ಕೂತು ಬೆಳಗಿನ ತನಕ ಕೇಳಿದೆ. ಮೊದಲಾದರೆ ಇದನ್ನು ನಾನು ಹೇಗೆ ಹಾಡುತ್ತಿದ್ದೆ ಎಂಬ ಲೆಕ್ಕ ಮನಸ್ಸಿನಲ್ಲಿ ನಡೆಯುತ್ತಲೇ ಇರುತ್ತಿತ್ತು. ಈ ಸಲ ಬರೀ ಕೇಳಿದೆ. ಪಕ್ಕದಲ್ಲಿ ಹೂವು ಮಾರುವ ಮಾವಶಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ತಾಳದ ಸಮ್ಮಿಗೆ, ಅಂದರೆ ಮೊದಲ ಪೆಟ್ಟಿಗೆ, ಸರಿಯಾಗಿ ತಲೆದೂಗುತ್ತಿದ್ದಳು. ನಡುರಾತ್ರಿ ಚಳಿಗೆ ತನ್ನ ಶಾಲಿನ ಅರ್ಧ ನನ್ನ ಹೆಗಲ ಮೇಲೆ ಹಾಕಿದಳು. ಪಾಟಿ ನೋಡಿಯೂ ಏನಾಯಿತೆಂದು ಕೇಳಲಿಲ್ಲ. ಮಾವಶಿ ಇದನ್ನು ಓದುವುದಿಲ್ಲ, ಅವಳಿಗೆ ಓದಿ ಹೇಳುತ್ತೇನೆ.

ದನಿ ತಿರುಗಿ ಬಂದಾಗ ಅದು ಹಳೆಯ ದನಿಯಲ್ಲ. ಮೊದಲು ಕಪ್ಪು ನಾಲ್ಕರಲ್ಲಿ, ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆಯ ಶ್ರುತಿಯಲ್ಲಿ, ಹಾಡುತ್ತಿದ್ದವಳು, ಈಗ ಅದಕ್ಕಿಂತ ಕೆಳಗಿನ ಕಪ್ಪು ಮೂರಕ್ಕೇ ಆರಾಮ. ಮೈ ದಪ್ಪವಾಗಿದೆ, ಅಂಚಿನಲ್ಲಿ ಸ್ವಲ್ಪ ಒರಟು. ವಾರಗಟ್ಟಲೆ ಅತ್ತೆ, ಸುಳ್ಳು ಹೇಳುವುದಿಲ್ಲ. ಆಗ ಮನೆಗೆ ಬಂದವರು ನಮ್ಮ ತಬಲಾ ಕಾಕಾ. ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಗಂಗೂಬಾಯಿಯವರ ಎಳೆಯ ವಯಸ್ಸಿನ ಧ್ವನಿಮುದ್ರಿಕೆಯೊಂದನ್ನು ಮೊಬೈಲಿನಲ್ಲಿ ಹಚ್ಚಿದರು. ತೆಳ್ಳಗಿನ, ಎತ್ತರದ ಹೆಣ್ಣು ದನಿ. ಅದು ಮುಗಿದ ಕೂಡಲೇ ಅವರ ನಡುವಯಸ್ಸಿನದೊಂದು. ಗಂಟಲಿನ ಚಿಕಿತ್ಸೆಯಾದ ಮೇಲೆ ದಪ್ಪಗಾಗಿ ಇಳಿದ, ನಾವೆಲ್ಲ ಬಲ್ಲ ಆ ಗಂಭೀರ ದನಿ. ಕಾಕಾ ಮೊಬೈಲು ಕಿಸೆಗೆ ಹಾಕಿಕೊಂಡು, "ನಾಳಿಂದ ಆರಕ್ಕ ಬರ್ತೇನವಾ, ಖರ್ಜ ಹಚ್ಚೂಣು" ಅಂದರು. ಖರ್ಜ ಅಂದರೆ ಕೆಳಗಿನ ಸ್ವರಗಳ ಸಾಧನೆ. ಹೇಳಿದಂತೆ ಬಂದರು. ಆರು ತಿಂಗಳು ದಿನಾ ಬೆಳಿಗ್ಗೆ ಆರಕ್ಕೆ, ಚಹಾ ಕೂಡ ಕುಡಿಯದೆ. ಮೊದಲ ತಿಂಗಳು ಬರೀ ಸಾ, ದಿನಕ್ಕೆ ಐದು ನಿಮಿಷ. ಆ ಐದು ನಿಮಿಷಕ್ಕೆ ತಬಲಾದ ಕೆಲಸವೇ ಇರಲಿಲ್ಲ. ಆದರೂ ಜೋಡಿ ಹೊತ್ತು ತಂದು, ಶ್ರುತಿ ಮಾಡಿ, ಕೈ ಮಡಚಿಕೊಂಡು ಕೂಡುತ್ತಿದ್ದರು. ಕಾಕಾ, ನಿಮ್ಮ ಕಾಲಿಗೆ ಬೀಳುತ್ತೇನೆ.

ಶ್ರುತಿ ಇಳಿದರೆ ಹಳೆಯ ತಂತಿಗಳು ಸಡಿಲವಾಗಿ ಜವಾರಿ ಕೆಡುತ್ತದೆ. ಗುರುಗಳ ತಂಬೂರಿಯನ್ನು ಮತ್ತೆ ಚಾಚಾ ಬಳಿ ಒಯ್ದೆ. ಈ ಸಲ ಪಾಟಿ ಇಲ್ಲದೆ. "ಚಾಚಾ, ಕಪ್ಪು ಮೂರು" ಅಂದೆ. ಅಷ್ಟು ತಿಂಗಳಲ್ಲಿ ಅವರು ಕೇಳಿದ ನನ್ನ ಮೊದಲ ಮಾತು ಅದೇ. ಅವರು ಕಾನಸು ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು, ಬಹಳ ಹೊತ್ತು. ಆಮೇಲೆ ದಪ್ಪ ತಂತಿಗಳನ್ನು ಆರಿಸಿ, ಬಿರಡೆ ಬಿಗಿದು, ಕುದುರೆಯನ್ನು ಹೊಸದಾಗಿ ಉಜ್ಜಿದರು. ಸಂಜೆಯಾಯಿತು. ಮಜೂರಿ ಕೇಳಿದರೆ, ನಾಲ್ಕು ತಿಂಗಳು ನೀನು ನನ್ನ ಕಾರಖಾನೆಯಲ್ಲಿ ಕಿವಿಯ ಕೆಲಸ ಮಾಡಿದ್ದಕ್ಕೆ ಅದು ಮುಟ್ಟಿತು ಅಂದುಬಿಟ್ಟರು. ಮೊಬೈಲಿನ ತಂಬೂರಿ ಈಗ ಎಲ್ಲರ ಕೈಯಲ್ಲಿದೆ. ಮಕ್ಕಳ ರಿಯಾಜಿಗೆ ಒಳ್ಳೆಯದೇ, ನಾನೂ ಹಚ್ಚುತ್ತೇನೆ. ಆದರೆ ಹೊಸ ದನಿ ಬಂದವಳಿಗೆ ಅದಕ್ಕೆ ತಕ್ಕ ನಾದವನ್ನು ಹುಡುಕಿ ಕೊಡಲು ಒಬ್ಬ ಮನುಷ್ಯ ಬೇಕಾಯಿತು.

ಅಭೋಗಿಯನ್ನೇ ಏಕೆ ಹಾಡಿದೆ ಎಂದು ಉಗಾರದ ಹುಡುಗಿ ಕೇಳಿದಳು. ಕರ್ನಾಟಕ ಸಂಗೀತದಿಂದ ಹಿಂದುಸ್ತಾನಿಗೆ ಬಂದ ರಾಗ ಅದು, ನಮ್ಮಂಥ ಗಡಿಯವರಿಗೆ ಒಗ್ಗುತ್ತದೆ. ಇನ್ನೊಂದು ಕಾರಣವೂ ಇದೆ. ಅಭೋಗಿಗೆ ಪಂಚಮವಿಲ್ಲ, ನಿಷಾದವಿಲ್ಲ. ಐದೇ ಸ್ವರದಲ್ಲಿ ಸಂಸಾರ ನಡೆಸುವ ರಾಗ. ನನ್ನ ಕಡೆ ಈಗ ಏನೇನು ಇಲ್ಲವೋ ಅದನ್ನು ಅದು ಕೇಳುವುದಿಲ್ಲ.

ಪಂಚಮವಿಲ್ಲವಾದ್ದರಿಂದ ತಂಬೂರಿಯ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸಬೇಕು. ರವಿವಾರ ಎಲ್ಲರೂ ಬಂದು ಕೂತ ಮೇಲೆ ನಾನೇ ಬಿರಡೆ ತಿರುಗಿಸಿದೆ, ಮಣಿ ಸರಿಸಿದೆ, ಜೀವಾಳ ಸರಿಸಿದೆ. ಸರಿಯಾಯಿತು ಅನ್ನಿಸಿ ತಲೆ ಎತ್ತಿದೆ. ಬಾಗಿಲ ಬಳಿ ಕುರ್ಚಿ ಬೇಡವೆಂದು ಗೋಡೆಗೆ ಒರಗಿ ನಿಂತಿದ್ದ ಚಾಚಾ ಕಣ್ಣು ಮುಚ್ಚಿಯೇ ಬೆರಳು ಕೆಳಗೆ ಮಾಡಿ ತೋರಿಸಿದರು. ಇನ್ನೊಂದು ಕೂದಲೆಳೆ. ಇಳಿಸಿದೆ. ಕಾಕಾ ತಬಲಾ ಹತ್ತಿರ ಎಳೆದುಕೊಂಡರು, ನಾನು ಸಾ ಹಚ್ಚಿದೆ.