ಆಗಸ್ಟ್ ರಜೆಗೆ ಮಂಗಳೂರಿಗೆ ಬನ್ನಿ, ಕಡಲಿಗೆ ಮಾತ್ರ ಇಳಿಯಬೇಡಿ

ಸಂಪಾದಕರೇ,

ಈ 2026ರಲ್ಲಿ ಆಗಸ್ಟ್ 15 ಶನಿವಾರ ಬಂದಿದೆ. ಶುಕ್ರವಾರ ಒಂದು ರಜೆ ಹಾಕಿದರೆ ಮೂರು ದಿನ ಸಿಗುತ್ತದೆ ಅಂತ ಬೆಂಗಳೂರು, ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಈಗಲೇ ಮಂಗಳೂರು ಪ್ಲ್ಯಾನ್ ನಡೆಯುತ್ತಿರುತ್ತದೆ. ಬರಲಿ, ನಮಗೂ ಖುಷಿಯೇ. ಆದರೆ ಈ ಸಮಯಕ್ಕೆ ಪತ್ರಿಕೆಗಳ ಪ್ರವಾಸದ ಪುಟ ನೋಡಿದರೆ ನನಗೆ ಸಂಕಟ ಆಗುತ್ತದೆ. ಪಣಂಬೂರು, ತಣ್ಣೀರುಬಾವಿ, ಸೋಮೇಶ್ವರ ಅಂತ ಬೀಚ್‌ಗಳ ಹೆಸರುಗಳು, ಜೊತೆಗೆ ಚಳಿಗಾಲದಲ್ಲಿ ತೆಗೆದ ನೀಲಿ ಕಡಲಿನ ಫೋಟೊ. ಆಗಸ್ಟ್‌ನಲ್ಲಿ ಕಡಲು ಹೀಗಿರುವುದಿಲ್ಲ ಅಂತ ಒಂದು ಸಾಲೂ ಇರುವುದಿಲ್ಲ.

ನಾನು ಸುರತ್ಕಲ್‌ನಲ್ಲೇ ಹುಟ್ಟಿ ಬೆಳೆದವನು. ಮಳೆಗಾಲದಲ್ಲಿ ನಮ್ಮ ಮನೆ ಮಕ್ಕಳನ್ನು ನಾವೇ ನೀರಿಗೆ ಬಿಡುವುದಿಲ್ಲ. ಯಾಕೆ ಅಂತ ಘಟ್ಟದ ಮೇಲಿನವರಿಗೆ ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲ, ಯಾರಾದರೂ ಹೇಳಬೇಕಲ್ವಾ? ಜೂನ್‌ನಿಂದ ಕಡಲು ದಡದ ಮರಳನ್ನು ಎಳೆದುಕೊಂಡು ಹೋಗುತ್ತದೆ. ಬೇಸಗೆಯಲ್ಲಿ ಅಷ್ಟು ದೂರ ನಡೆದರೂ ಸೊಂಟ ಮುಟ್ಟದಿದ್ದ ಜಾಗದಲ್ಲಿ ಈಗ ನಾಲ್ಕೇ ಹೆಜ್ಜೆಗೆ ಆಳ. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತವರಿಗೂ ಕಷ್ಟ: ವಾಪಸ್ ಹೋಗುವ ಅಲೆ ಹಿಮ್ಮಡಿಯ ಕೆಳಗಿನ ಮರಳನ್ನು ಕೊರೆದು ತೆಗೆಯುತ್ತದೆ, ಕಾಲು ಹೂತುಕೊಳ್ಳುತ್ತದೆ, ಮೈ ವಾಲುತ್ತದೆ, ಅಷ್ಟರಲ್ಲಿ ಮುಂದಿನ ಅಲೆ ಎದೆಗೆ ಬಂದು ಅಪ್ಪಳಿಸಿರುತ್ತದೆ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡು ಅದೇ ನೀರಿನಲ್ಲಿ ಫೋಟೊಗೆ ನಿಲ್ಲುವ ಅಪ್ಪಂದಿರನ್ನು ಪ್ರತಿ ವರ್ಷ ನೋಡುತ್ತೇನೆ. ಜೀವರಕ್ಷಕರು ಸೀಟಿ ಊದಿ ಊದಿ ಸುಸ್ತಾಗುತ್ತಾರೆ. "ಇಲ್ಲೇ ದಡದಲ್ಲೇ ಇದ್ದೀವಲ್ಲ" ಅನ್ನುವ ಉತ್ತರ ಬರುತ್ತದೆ.

ಈಜು ಬರುತ್ತದೆ ಅನ್ನುವವರಿಗೂ ಒಂದು ಮಾತು. ಎರಡೂ ಕಡೆ ಅಲೆ ಮುರಿಯುತ್ತಿದ್ದು ನಡುವಿನ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅದೇ ಒಳ್ಳೆ ಜಾಗ ಅಂತ ಇಳಿಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವುದು ಆ ದಾರಿಯಲ್ಲೇ! ಅದರಲ್ಲಿ ಸಿಕ್ಕಿಕೊಂಡವರು ದಡದ ಕಡೆಗೆ ನೇರ ಈಜಲು ಹೋಗಿ ಸೋತು ಹೋಗುತ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಸೆಳೆತದಿಂದ ಹೊರಗೆ ಬರಬೇಕು, ಆಮೇಲೆ ದಡಕ್ಕೆ. ಸೋಮೇಶ್ವರದ ದೇವಸ್ಥಾನದ ಹತ್ತಿರದ ಬಂಡೆಗಳ ಮೇಲೆ, ಅದರಲ್ಲೂ ರುದ್ರಪಾದೆಯಲ್ಲಿ, ಸೆಲ್ಫಿಗೆ ಹತ್ತುವುದಂತೂ ಬೇಡವೇ ಬೇಡ. ನೇತ್ರಾವತಿ, ಫಲ್ಗುಣಿ ಎರಡೂ ಕಡಲು ಸೇರುವ ಅಳಿವೆಯ ಹತ್ತಿರ ತುಂಬಿದ ನದಿಯ ಸೆಳೆತವೂ ಸೇರಿಕೊಳ್ಳುತ್ತದೆ.

ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. "ಆಗಸ್ಟ್‌ನಲ್ಲಿ ಬೋಟುಗಳೇ ಹೋಗುತ್ತವೆ, ನಮಗೇನು" ಅಂತ ಕೇಳುತ್ತಾರೆ. ಆ ನಿಷೇಧ ಮುಖ್ಯವಾಗಿ ಮೀನು ಮರಿ ಮಾಡುವ ಕಾಲಕ್ಕಾಗಿ, ನಿಮ್ಮ ಈಜಿಗಲ್ಲ. ಇಲ್ಲಿನ ಮೀನುಗಾರ ಸಮುದಾಯದ ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುವುದು ನೂಲಹುಣ್ಣಿಮೆಗೆ. ಈ ಸಲ ಅದು ಆಗಸ್ಟ್ 28. ಕಡಲಿನಲ್ಲೇ ಬದುಕುವವರು ಅದನ್ನು ಪೂಜಿಸಿ ಶಾಂತವಾಗು ಅಂತ ಬೇಡಿಕೊಳ್ಳುವ ದಿನಕ್ಕಿಂತ ಎರಡು ವಾರ ಮೊದಲೇ ನಾವು ಚಡ್ಡಿ ಹಾಕಿಕೊಂಡು ಇಳಿಯುವುದು ಎಷ್ಟು ಸರಿ?

ಹಾಗಂತ ಆಗಸ್ಟ್‌ನಲ್ಲಿ ಬರಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಮಳೆಯ ಮಂಗಳೂರು ಚೆಂದ. ಪತ್ರೊಡೆ ಸಿಗುವ ಕಾಲ ಇದು, ಅರಿಶಿನ ಎಲೆಯ ಕಡುಬಿನ ಕಾಲ. ಬೋಟು ಹೊರಟ ಮೇಲೆ ತಾಜಾ ಬಂಗುಡೆಯ ಪುಳಿಮುಂಚಿ, ಅದಕ್ಕೆ ನೀರುದೋಸೆ. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಚಾವಣಿಯ ತುಂಬ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳಿವೆ, ಕದ್ರಿ ದೇವಸ್ಥಾನದಲ್ಲಿ 10ನೇ ಶತಮಾನದ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಎರಡನ್ನೂ ಆರಾಮವಾಗಿ ನೋಡಬಹುದು. ಕಡಲನ್ನೂ ನೋಡಿ, ದೂರದಿಂದ, ಒಣ ಮರಳಿನ ಮೇಲೆ ನಿಂತು. ದಾರಿಯ ಬಗ್ಗೆ ಮಾತ್ರ ಹೊರಡುವ ಮೊದಲು ವಿಚಾರಿಸಿ. 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯ್ತು, ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ ರೈಲುಗಳು ದಿನಗಟ್ಟಲೆ ನಿಂತವು. ಮೂರು ದಿನದ ರಜೆಯಲ್ಲಿ ಒಂದು ದಿನ ಘಟ್ಟದಲ್ಲೇ ಕಳೆಯಬಹುದು ಅನ್ನುವುದು ತಲೆಯಲ್ಲಿರಲಿ.

ನೀರಲ್ಲಿ ಆಡಲೇಬೇಕು ಅನ್ನುವವರು ಡಿಸೆಂಬರ್‌ಗೆ ಪ್ಲ್ಯಾನ್ ಮಾಡಿ. 25 ಶುಕ್ರವಾರ ಬಂದಿದೆ. ಬೆಂಗಳೂರಿನಲ್ಲಿ ಸ್ವೆಟರ್ ಹಾಕುವ ಆ ದಿನಗಳಲ್ಲಿ ಇಲ್ಲಿ ಹಗಲು ಬೆಚ್ಚಗೆ, ಕಡಲು ಶಾಂತ. ಮೇ ತಿಂಗಳ ಸೆಕೆಯೂ ಇರುವುದಿಲ್ಲ. ಅಕ್ಟೋಬರ್ 2 ಕೂಡ ಶುಕ್ರವಾರವೇ, ಆದರೆ ಆಗ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇರಬಹುದು, ಜೀವರಕ್ಷಕರನ್ನು ಕೇಳಿಯೇ ಇಳಿಯಿರಿ. ರೈಲು ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ಅಂದರೆ ಅಕ್ಟೋಬರ್ 1ರ ರಾತ್ರಿಯ ಬುಕಿಂಗ್ ಆಗಸ್ಟ್ 2ಕ್ಕೆ. ಆ ದಿನ ತಪ್ಪಿದರೆ ಕೊನೆಗೆ ಖಾಸಗಿ ಬಸ್ಸಿಗೆ ಜಾಸ್ತಿ ದುಡ್ಡು ಕೊಡಬೇಕಾಗುತ್ತದೆ.

ಹೋಮ್‌ಸ್ಟೇ, ರೆಸಾರ್ಟ್ ನಡೆಸುವವರಲ್ಲೂ ಒಂದು ಕೋರಿಕೆ. ರೂಮಿನ ಬೀಗದ ಕೈ ಕೊಡುವಾಗಲೇ ಬಾಯಿಬಿಟ್ಟು ಹೇಳಿ, "ಈಗ ಕಡಲಿಗೆ ಇಳಿಯಬಾರದು" ಅಂತ. ಗಿರಾಕಿ ಮುನಿಸಿಕೊಂಡರೂ ಪರವಾಗಿಲ್ಲ. ಮಲ್ಪೆಯಲ್ಲಿ ಮಳೆಗಾಲಕ್ಕೆ ದಡದುದ್ದಕ್ಕೂ ಬಲೆ ಕಟ್ಟಿ ತಡೆಯುತ್ತಾರೆ. ಮಂಗಳೂರಿನ ಎಲ್ಲ ಬೀಚ್‌ಗಳಲ್ಲೂ ಜಿಲ್ಲಾಡಳಿತ ಹಾಗೆ ಮಾಡಲಿ.

ಸಂಪಾದಕರೇ, ಈ ಪತ್ರವನ್ನು ಕರಾವಳಿ ಆವೃತ್ತಿಯಲ್ಲಿ ಮಾತ್ರ ಹಾಕಬೇಡಿ. ಇಲ್ಲಿಯವರಿಗೆ ಇದು ಗೊತ್ತಿರುವ ವಿಷಯವೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಓದುಗರಿಗೆ ತಲುಪಲಿ, ಅದೂ ಆಗಸ್ಟ್ 15ರ ಮೊದಲು.

ನಿಮ್ಮ ಓದುಗ,
ಸುರತ್ಕಲ್