ನಾಲ್ಕನೇ ಕಾಟಾಗೆ ಜಾಗ ಸಿಕ್ಕಿತು

ಕಬ್ಬಿನ ಗಾಡಿ ತೂಗುವ ನಾಲ್ಕೂ ಕಾಟಾಗಳ ತೂಕ ಈಗ ಸ್ಕ್ರೀನ್ ಮೇಲೆ ತಾನಾಗಿಯೇ ಮೂಡುತ್ತಿದೆ. ಮೂರು ದಿನದಿಂದ ಸರಿಯಾಗಿ ನಿದ್ದೆಯಿಲ್ಲ. ಆದರೂ ಇದನ್ನು ಬರೆದೇ ಮಲಗುತ್ತೇನೆ.

ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಒಂದೊಂದು ಕಾಟಾಗೆ ಒಂದೊಂದು ಹಳೇ ಕಂಪ್ಯೂಟರ್ ಇತ್ತು. ಹಂಗಾಮಿಗೆ ಮೊದಲು ಅವನ್ನೆಲ್ಲ ತೆಗೆದು ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಹಾಕಿದ ಒಂದೇ ಸರ್ವರ್‌ಗೆ ತಂದೆ. ಕಾಟಾಗಳ ಕೇಬಲ್ ಚುಚ್ಚುವ ಎಂಟು ಪೋರ್ಟಿನ ಸೀರಿಯಲ್ ಕಾರ್ಡನ್ನು ಅದರೊಳಗಿನ ಡೆಬಿಯನ್ ಲಿನಕ್ಸ್ ವಿಎಂಗೆ (ವರ್ಚುವಲ್ ಕಂಪ್ಯೂಟರ್‌ಗೆ) ನೇರವಾಗಿ ಕೊಟ್ಟೆ. ಐಡಿಯಾ ನನ್ನದೇ, ಬೈಗುಳವೂ ನನಗೇ. ಎಂಟರಲ್ಲಿ ಕಂಡದ್ದು ಮೂರೇ ಪೋರ್ಟ್! ನಾಲ್ಕನೇ ಕಾಟಾಗೆ ಪೋರ್ಟೇ ಇಲ್ಲ.

ಕಾಟಾ ಗುಮಾಸ್ತರೇ, ಮೊದಲ ಥ್ಯಾಂಕ್ಸ್ ನಿಮಗೆ. ಮೂರು ರಾತ್ರಿ ಡಿಸ್‌ಪ್ಲೇ ನೋಡಿ, ಕಾರ್ಬನ್ ಹಾಳೆ ಇಟ್ಟು, ಕೈಯಲ್ಲೇ ಚೀಟಿ ಬರೆದಿರಿ. ಟ್ರ್ಯಾಕ್ಟರ್ ಸಾಲು ಗೇಟಿನಾಚೆ ಹೋಗಿತ್ತು. ನೀವು ಮಾತ್ರ "ಸರ್, ಮೊದಲು ಚಹಾ ಕುಡೀರಿ" ಅಂದಿರಿ.

ಎಲೆಕ್ಟ್ರಿಷಿಯನ್ ಅಣ್ಣನಿಗೆ ಥ್ಯಾಂಕ್ಸ್ ಜೊತೆ ಕ್ಷಮೆಯೂ ಸಲ್ಲಬೇಕು. ಸುಮ್ನೆ ಅವರ ಕೇಬಲ್ ಮೇಲೆ ತಪ್ಪು ಹೊರಿಸಿದೆ. ಅವರು ವಾದಕ್ಕಿಳಿಯಲಿಲ್ಲ. ಕೇಬಲನ್ನು ನಡೆಯುತ್ತಿದ್ದ ಪೋರ್ಟಿಗೆ ಚುಚ್ಚಿ, ಕಾಟಾ ತುದಿಯಲ್ಲಿ ಡೇಟಾ ಕಳಿಸುವ, ಪಡೆಯುವ 2 ಮತ್ತು 3ನೇ ಪಿನ್‌ಗಳನ್ನು ಪೇಪರ್ ಕ್ಲಿಪ್‌ನಿಂದ ಕೂಡಿಸಿದರು. ಸೀರಿಯಲ್ ಪೋರ್ಟ್ ಜೊತೆ ಮಾತಾಡುವ ಮಿನಿಕಾಮ್ ಪ್ರೋಗ್ರಾಮಿನಲ್ಲಿ ನಾನು ಒತ್ತಿದ ಅಕ್ಷರ ಹಾಗೇ ವಾಪಸ್ ಬಂತು. ಕೇಬಲ್ ಗಟ್ಟಿಯಾಗಿತ್ತು.

ಕೊನೆಗೆ ದಾರಿ ತೋರಿಸಿದ್ದು ಹಳೇ ಸಹೋದ್ಯೋಗಿ. ರಾತ್ರಿ ಒಂದೂವರೆಗೆ ಫೋನ್ ಎತ್ತಿ, ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗನ್ನು ಗಟ್ಟಿಯಾಗಿ ಓದು ಅಂದಳು. ಅದರಲ್ಲಿದ್ದದ್ದು: ಪೋರ್ಟ್ ನೋಂದಣಿ ಆಗಲಿಲ್ಲ, ಎರರ್ ಮೈನಸ್ 28. ಅಂದರೆ ಜಾಗ ಇಲ್ಲ. ಈ ಸಾಲನ್ನು ಮೊದಲ ದಿನವೇ ನೋಡಿದ್ದೆ ಮಾರಾಯ್ರೇ! ಡಿಸ್ಕ್ ತುಂಬಿದರೂ ಇದೇ ನಂಬರ್ ಅಲ್ವಾ, ಹಾಗಾಗಿ ಹಳೇ ಬ್ಯಾಕಪ್‌ಗಳನ್ನು ಅಳಿಸುತ್ತಾ ಕೂತಿದ್ದೆ. ಜಾಗ ಇಲ್ಲದ್ದು ಡಿಸ್ಕ್‌ನಲ್ಲಲ್ಲ. ನಮ್ಮ ಕರ್ನಲ್‌ನಲ್ಲಿ ಸೀರಿಯಲ್ ಪೋರ್ಟ್ ನಡೆಸುವ 8250 ಡ್ರೈವರ್ ಆ ಪೋರ್ಟ್‌ಗಳಿಗೆಂದು ಇಟ್ಟದ್ದೇ ನಾಲ್ಕು ಸೀಟು. ಒಂದರಲ್ಲಿ ವಿಎಂನ ಕನ್ಸೋಲ್ ಕೂತಿತ್ತು. ಕಾರ್ಡಿಗೆ ಉಳಿದದ್ದು ಮೂರು. ಲಿನಕ್ಸನ್ನು ಬೂಟ್ ಮಾಡುವ ಗ್ರಬ್‌ನ ಫೈಲಿನಲ್ಲಿ, ಎಷ್ಟು ಸೀಟು ಅಂತ ಹೇಳುವ ಆ ಡ್ರೈವರ್‌ನ 'ಎನ್‌ಆರ್_ಯುಆರ್ಟ್ಸ್' ಅನ್ನು 16 ಮಾಡಿ, ಗ್ರಬ್ ಅಪ್‌ಡೇಟ್ ಕೊಟ್ಟು, ವಿಎಂ ರೀಬೂಟ್ ಮಾಡಿದೆ. ಎಂಟೂ ಪೋರ್ಟ್ ಸಾಲಾಗಿ ಬಂದವು. "ಇನ್ನು ಮಲಗ್ಲಾ?" ಅಂದಳು ಅವಳು.

ನಾಲ್ಕನೇ ಕಾಟಾಗೆ ಮೊದಲು ಹತ್ತಿದ್ದು ಕಬ್ಬು ಇಳಿಸಿ ಬಂದ ಖಾಲಿ ಟ್ರ್ಯಾಕ್ಟರ್. ಸ್ಕ್ರೀನ್ ಮೇಲೆ 5,840 ಕೆ.ಜಿ. ಬಂತು. ಗುಮಾಸ್ತರು ಡಿಸ್‌ಪ್ಲೇ ಜೊತೆ ತಾಳೆ ನೋಡಿದರು, ತಲೆಯಾಡಿಸಿದರು, ಆಮೇಲೆ ಕಾರ್ಬನ್ ಇಟ್ಟು ಆ ಚೀಟಿಯನ್ನೂ ಕೈಯಲ್ಲೇ ಬರೆದರು.