ಒಕ್ಕಣ್ಣಿನ ಫ್ರಾಂಕ್ ಮೆಕ್‌ಗೀಗೂ ನಿಮಗೂ ಥ್ಯಾಂಕ್ಸ್

ಇನ್ನು ಕಾರು ಓಡಿಸಬಹುದು ಅಂತ ಡಾಕ್ಟರ್ ಕಳೆದ ವಾರ ಹೇಳಿದರು. ಎಡಗಣ್ಣಿನ ದೃಷ್ಟಿ ಮಾತ್ರ ವಾಪಸ್ ಬರುವುದಿಲ್ಲ. ಕೆನಡಾದ ಒಟ್ಟಾವಾದ ಈ ಚಳಿಗಾಲವಿಡೀ ಹಿಮದಲ್ಲಿ ನನ್ನನ್ನು ಆಸ್ಪತ್ರೆಗೆ, ಆಫೀಸಿಗೆ ಕರೆದುಕೊಂಡು ಹೋದ ಗೆಳೆಯರಿಗೆ, ಡಬ್ಬಿಯಲ್ಲಿ ಸಾರು ಕಳಿಸಿದ ಮನೆಗಳಿಗೆ, ತಲೆ ತಿರುಗಿಸಿ ದೂರ ಅಂದಾಜು ಮಾಡೋದು ಕಲಿಸಿದ ಥೆರಪಿಸ್ಟ್‌ಗೆ, ನಾನು ಲೋಟದ ಪಕ್ಕಕ್ಕೆ ಕಾಫಿ ಸುರಿದಾಗಲೆಲ್ಲ ಏನೂ ಅನ್ನದೆ ಒರೆಸಿದ ಹೆಂಡತಿಗೆ ತುಂಬಾ ಥ್ಯಾಂಕ್ಸ್.

ಪಕ್ಕದ ಮನೆಯ ಅಜ್ಜನಿಗೆ ಜಾಸ್ತಿ ಹೇಳಬೇಕು. ಎಲ್ಲರೂ "ಅಯ್ಯೋ ಪಾಪ" ಅನ್ನುತ್ತಿದ್ದಾಗ ಅವರು ಬಂದು ಕೂತು ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿ ಆಟದ ಕತೆ ಶುರು ಮಾಡಿದರು. ಇದೇ ಊರಲ್ಲಿ 1882ರಲ್ಲಿ ಹುಟ್ಟಿದ ಫ್ರಾಂಕ್ ಮೆಕ್‌ಗೀ ಕತೆ. 1900ರಲ್ಲಿ ಆಡುವಾಗ ಪೆಟ್ಟು ಬಿದ್ದು ಅವನ ಒಂದು ಕಣ್ಣು ಹೋಯಿತು. ಆದರೂ 1903ರಲ್ಲಿ ಒಟ್ಟಾವಾ ತಂಡ ಸೇರಿದ. ಅದೇ ವರ್ಷ ಈ ಆಟದ ದೊಡ್ಡ ಪ್ರಶಸ್ತಿ ಸ್ಟ್ಯಾನ್ಲಿ ಕಪ್ ಗೆದ್ದ ತಂಡ ಅದನ್ನು 1906ರವರೆಗೆ ಬಿಟ್ಟುಕೊಡಲಿಲ್ಲ. ಹೆಲ್ಮೆಟ್ ಇಲ್ಲದ ಕಾಲ ಬೇರೆ!

1905ರ ಜನವರಿಯಲ್ಲಿ ದೂರದ ಯೂಕಾನ್‌ನ ಡಾಸನ್ ಸಿಟಿಯಿಂದ ಒಂದು ತಂಡ ನಡೆದು, ಹಡಗು ಹತ್ತಿ, ರೈಲಲ್ಲಿ ಕೂತು ಒಟ್ಟಾವಾಕ್ಕೆ ಬಂತು. ಮೊದಲ ಪಂದ್ಯದಲ್ಲಿ 9-2ರಿಂದ ಸೋತಿತು. ಮೆಕ್‌ಗೀ ಹೊಡೆದದ್ದು ಒಂದೇ ಗೋಲು. "ಇವನೇನು ಮಹಾ" ಅಂತ ಎದುರಾಳಿಗಳಲ್ಲಿ ಯಾರೋ ಅಂದರಂತೆ. ಎರಡನೇ ಪಂದ್ಯದ ಸ್ಕೋರು 23-2. ಅದರಲ್ಲಿ 14 ಗೋಲು ಅವನೊಬ್ಬನದೇ! ಸ್ಟ್ಯಾನ್ಲಿ ಕಪ್ ಪಂದ್ಯದಲ್ಲಿ ಆ ದಾಖಲೆ ಇವತ್ತಿಗೂ ಹಾಗೇ ಇದೆ. ಅಷ್ಟು ದೂರದಿಂದ ಬಂದವರ ಗತಿ ನೆನೆದು ನನಗೆ ನಗು ತಡೆಯಲಾಗಲಿಲ್ಲ. ಪೆಟ್ಟಾದ ಮೇಲೆ ಅವತ್ತೇ ನಾನು ಮೊದಲು ನಕ್ಕಿದ್ದು ಅಂತಾಳೆ ಹೆಂಡತಿ.

ಕೊನೆಯ ಭಾಗವನ್ನು ಅಜ್ಜ ತಡವಾಗಿ ಹೇಳಿದರು. ಮೊದಲ ಮಹಾಯುದ್ಧ ಬಂದಾಗ ಮೆಕ್‌ಗೀ ಸೈನ್ಯಕ್ಕೆ ಸೇರಿದ. ಕಣ್ಣಿನ ಪರೀಕ್ಷೆಯಲ್ಲಿ ಕೈ ಬದಲಿಸಿ ಎರಡು ಸಲವೂ ಕುರುಡು ಕಣ್ಣನ್ನೇ ಮುಚ್ಚಿಕೊಂಡು ಪಾಸಾದ ಅಂತ ಕತೆಯಿದೆ. 1916ರ ಸೆಪ್ಟೆಂಬರ್ 16ರಂದು ಫ್ರಾನ್ಸ್‌ನಲ್ಲಿ, ಸೊಮ್ ಯುದ್ಧದಲ್ಲಿ ಸತ್ತ. ಹೆಣವೂ ಸಿಗಲಿಲ್ಲ. ಇದನ್ನು ದೊಡ್ಡ ಸಾಹಸ ಅಂತ ಹೊಗಳುವವರಿದ್ದಾರೆ. ನನಗಂತೂ ಆ ಪರೀಕ್ಷೆಯಲ್ಲಿ ಅವನು ಸಿಕ್ಕಿಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ನನ್ನ ಪರೀಕ್ಷೆಯಲ್ಲಿ ನಾನು ಯಾವ ಕಣ್ಣನ್ನೂ ಬಚ್ಚಿಡಲಿಲ್ಲ, ಅಜ್ಜ ಧೈರ್ಯವಾಗಿ ನನ್ನ ಕಾರು ಹತ್ತಬಹುದು. ಉಳಿದವರಲ್ಲಿ ಒಂದೇ ವಿನಂತಿ: ನನ್ನ ಎಡಗಡೆಯಿಂದ ಬರುವಾಗ ಮೊದಲು ಒಂದು ಸಲ ಹೆಸರು ಹಿಡಿದು ಕೂಗಿಬಿಡಿ.